ಮಗುವಿನ ಜೊತೆ ತಾಳ ಹಾಕಿದರೆ ಏನಾಗುತ್ತದೆ?

ಮಗಳಿಗೆ ಹತ್ತು ತಿಂಗಳಾಗಿದ್ದಾಗ ಅವಳು ನನ್ನ ಹತ್ತಿರ ಬರುತ್ತಿರಲಿಲ್ಲ. ಅಮ್ಮ ಬೇಕು, ಅಜ್ಜಿ ಬೇಕು, ಕೆಳಗಿನ ಮನೆ ಆಂಟಿ ಆದರೂ ಸರಿ, ಅಪ್ಪ ಬೇಡ. ನಾನು ಬೆಳಿಗ್ಗೆ ಎಂಟಕ್ಕೆ ವಿಜಯನಗರದಿಂದ ಹೊರಟರೆ ಹೊರ ವರ್ತುಲ ರಸ್ತೆಯ ಟ್ರಾಫಿಕ್ ದಾಟಿ ವಾಪಸ್ ಮನೆ ಸೇರುವಾಗ ರಾತ್ರಿ ಎಂಟೂವರೆ. ಅಷ್ಟೊತ್ತಿಗೆ ಅವಳಿಗೆ ನಿದ್ದೆ ಬಂದು ಕಿರಿಕಿರಿ ಶುರುವಾಗಿರುತ್ತಿತ್ತು. ಎತ್ತಿಕೊಂಡರೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅಳುತ್ತಿದ್ದಳು. ಒಂದು ದಿನ ಹೆಂಡತಿ ಸ್ನಾನಕ್ಕೆ ಹೋಗಿದ್ದಳು, ಅಳು ನಿಲ್ಲಿಸುವ ದಾರಿ ಕಾಣಲಿಲ್ಲ, ಅಡುಗೆಮನೆ ಕಟ್ಟೆ ಮೇಲಿದ್ದ ಅವಲಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೆಲದ ಮೇಲಿಟ್ಟು ಬೆರಳಲ್ಲಿ ಎರಡು ಸಲ ತಟ್ಟಿದೆ. ಟಣ್ ಟಣ್. ಅಳು ನಿಂತಿತು. ನಾನೂ ನಿಲ್ಲಿಸಿದೆ. ಅವಳು ಮುಚ್ಚಳ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಅಂಗೈ ಪೂರ್ತಿ ಬಿಚ್ಚಿ ಒಂದು ಸಲ ಬಡಿದಳು. ನಾನು ಒಂದು ಸಲ ಬಡಿದೆ. ಅವಳು ಇನ್ನೊಂದು. ಕಣ್ಣಲ್ಲಿ ಇನ್ನೂ ನೀರಿತ್ತು, ಬಾಯಿ ಮಾತ್ರ ನಗುತ್ತಿತ್ತು.

ಅವತ್ತಿನಿಂದ ಆ ಮುಚ್ಚಳ ನಮ್ಮಿಬ್ಬರ ಮಾತಾಯಿತು. ನಾನು ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಅಂಬೆಗಾಲಿಟ್ಟು ಅಡುಗೆಮನೆ ಕಡೆ ಹೊರಡುತ್ತಿದ್ದಳು. ತಿಂಗಳು ತುಂಬುವುದರೊಳಗೆ ನನ್ನ ಹೆಗಲ ಮೇಲೆ ನಿದ್ದೆ ಹೋಗತೊಡಗಿದಳು. ನಾನು ಸಂಗೀತ ಕಲಿತವನಲ್ಲ. ಹಾಗಿದ್ದರೂ ಇದು ಹೇಗೆ ಆಯಿತು ಅಂತ ತಿಳಿಯುವ ಆಸೆ ಹುಟ್ಟಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ವಿಷಯ. ಮಗುವಿಗೆ ಒಳ್ಳೆಯ ಸಂಗೀತ ಕೇಳಿಸಬೇಕು ಅಂತ ನಾವು ಒದ್ದಾಡುತ್ತೇವೆ. ಮಗು ನೋಡುತ್ತಿರುವುದೇ ಬೇರೆ. ಈ ಮನುಷ್ಯ ನನ್ನ ಜೊತೆ ಸೇರಿಕೊಳ್ಳುತ್ತಾನಾ? ನಾನು ಬಡಿದರೆ ತಿರುಗಿ ಬಡಿಯುತ್ತಾನಾ? ನನಗೋಸ್ಕರ ಕಾಯುತ್ತಾನಾ?

ಮೊದಲಿನಿಂದ ಹೇಳುತ್ತೇನೆ.

ಆರು ತಿಂಗಳ ಬಸುರಿಯ ಹೊಟ್ಟೆಯಲ್ಲಿರುವ ಮಗುವಿಗೆ ಹೊರಗಿನ ಸದ್ದು ಕೇಳಿಸಲು ಶುರುವಾಗುತ್ತದೆ. ಆದರೆ ನಮಗೆ ಕೇಳಿಸುವ ಹಾಗಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಪಕ್ಕದ ಮನೆಯಲ್ಲಿ ಯಾರೋ ಮಾತಾಡುತ್ತಿದ್ದರೆ ಗೋಡೆಯ ಈ ಕಡೆ ಶಬ್ದ ಬರುತ್ತದೆ, ಪದ ಬರುವುದಿಲ್ಲ, ಅಲ್ವಾ? ಧ್ವನಿಯ ಏರಿಳಿತ ಗೊತ್ತಾಗುತ್ತದೆ, ಎಲ್ಲಿ ನಿಂತರು, ಎಲ್ಲಿ ಜೋರಾದರು ಅನ್ನುವುದು ಗೊತ್ತಾಗುತ್ತದೆ. ಗರ್ಭದಲ್ಲೂ ಹೀಗೇ. ದಪ್ಪ ಸ್ವರಗಳು ದಾಟಿ ಬರುತ್ತವೆ, ಚೂಪಾದ ಸದ್ದುಗಳು ಅರ್ಧದಲ್ಲೇ ಕರಗಿ ಹೋಗುತ್ತವೆ. ಅಂದರೆ ಮಗು ಹುಟ್ಟುವ ಮೊದಲು ನಮ್ಮ ಮಾತಿನಲ್ಲಿ ಕೇಳಿಸಿಕೊಳ್ಳುವುದು ಅದರ ರಾಗ ಮತ್ತು ಲಯವನ್ನು. ಅರ್ಥ ಬಹಳ ಆಮೇಲೆ ಬರುತ್ತದೆ. ಜೊತೆಗೆ ಅಮ್ಮನ ಎದೆಬಡಿತ, ಅವಳು ನಡೆಯುವಾಗಿನ ತೂಗಾಟ ಹಗಲಿಡೀ ಇರುತ್ತದೆ.

1980ರಲ್ಲಿ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು, ಹುಟ್ಟಿ ಮೂರು ದಿನವೂ ತುಂಬದ ಮಕ್ಕಳ ಬಾಯಿಗೆ ನಿಪ್ಪಲ್ ಕೊಟ್ಟು, ಕಿವಿಗೆ ಧ್ವನಿ ಕೇಳಿಸಿದರು. ಮಗು ಒಂದು ರೀತಿಯಲ್ಲಿ ಚೀಪಿದರೆ ಅದರ ಅಮ್ಮನ ಧ್ವನಿ ಬರುತ್ತದೆ, ಇನ್ನೊಂದು ರೀತಿಯಲ್ಲಿ ಚೀಪಿದರೆ ಬೇರೆ ಹೆಂಗಸಿನ ಧ್ವನಿ. ಆ ಹಸುಗೂಸುಗಳು ಅಮ್ಮನ ಧ್ವನಿ ಬರುವ ಹಾಗೆ ಚೀಪುವುದನ್ನು ಬದಲಾಯಿಸಿಕೊಂಡವು. ಮೂರು ದಿನದೊಳಗಿನ ಮಕ್ಕಳು! 1984ರಲ್ಲಿ ಡಿಕ್ಯಾಸ್ಪರ್ ಅಪ್ಪಂದಿರ ಧ್ವನಿ ಇಟ್ಟು ಇದೇ ಥರದ ಪರೀಕ್ಷೆ ಮಾಡಿದರು. ಮಕ್ಕಳಿಗೆ ಒಬ್ಬ ಗಂಡಸಿನ ಧ್ವನಿಗೂ ಇನ್ನೊಬ್ಬನ ಧ್ವನಿಗೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಆದರೆ ಅಪ್ಪನ ಧ್ವನಿ ಅಂತ ವಿಶೇಷ ಒಲವು ಇರಲಿಲ್ಲ. ಇದನ್ನು ಓದಿದಾಗ ನನಗೆ ಬೇಜಾರಾಗಲಿಲ್ಲ, ಸಮಾಧಾನವಾಯಿತು. ಮಗಳು ನನ್ನನ್ನು ಬೇಡ ಅಂದಿರಲಿಲ್ಲ. ಅಮ್ಮನಿಗೆ ತಿಂಗಳುಗಟ್ಟಲೆ ಮೊದಲೇ ಸಿಕ್ಕ ಪರಿಚಯ ನನಗೆ ಸಿಕ್ಕಿರಲಿಲ್ಲ. ಅದನ್ನು ನಾನು ಹೊರಗೆ, ಕೈಯಾರೆ ಕಟ್ಟಬೇಕಿತ್ತು.

ಇನ್ನು ತಾಳದ ವಿಷಯ. ನಿದ್ದೆಯಲ್ಲಿರುವ ಎರಡು ಮೂರು ದಿನದ ಮಗುವಿಗೆ ಡ್ರಮ್ಮಿನ ಸದ್ದು ಕೇಳಿಸುತ್ತಾ, ಸಮ, ಅಂದರೆ ತಾಳದ ಮೊದಲ ಪೆಟ್ಟು, ಬೀಳಬೇಕಾದ ಜಾಗದಲ್ಲಿ ಹೊಡೆತವನ್ನು ಬಿಟ್ಟರೆ ಏನಾಗುತ್ತದೆ? ಅದರ ಮೆದುಳು ಬೆಚ್ಚುತ್ತದೆ. ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ಅಳೆದು ಇದನ್ನು 2009ರಲ್ಲಿ ತೋರಿಸಿದರು. ಇಲ್ಲಿ ಏನೋ ಬರಬೇಕಿತ್ತು, ಬರಲಿಲ್ಲ ಅಂತ ಆ ಕೂಸಿಗೆ ಗೊತ್ತಾಗುತ್ತದೆ. ಮುಂದಿನ ಪೆಟ್ಟು ಯಾವಾಗ ಅಂತ ಕಾಯುವ ಗುಣ ಹುಟ್ಟಿನಿಂದಲೇ ಇದೆ.

ಈಗ ನನಗೆ ಬಹಳ ಇಷ್ಟವಾದ ಒಂದು ಪ್ರಯೋಗ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆಸಿಕಾ ಫಿಲಿಪ್ಸ್-ಸಿಲ್ವರ್ ಮತ್ತು ಲಾರೆಲ್ ಟ್ರೇನರ್ ಮಾಡಿದ್ದು, 2005ರಲ್ಲಿ ಪ್ರಕಟವಾಯಿತು. ಎಲ್ಲಿ ಒತ್ತು ಬೀಳುತ್ತದೆ ಅಂತ ಗೊತ್ತಾಗದ ಹಾಗೆ ಸಪಾಟಾದ ಒಂದು ಬಡಿತ ಹಾಕಿದರು. ಏಳು ತಿಂಗಳ ಕೆಲವು ಮಕ್ಕಳನ್ನು ಎತ್ತಿಕೊಂಡು ಎರಡೆರಡು ಬಡಿತಕ್ಕೆ ಕುಣಿಸಿದರು. ಇನ್ನು ಕೆಲವರನ್ನು ಮೂರು ಮೂರು ಬಡಿತಕ್ಕೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೆಲವರಿಗೆ ತಕ ತಕ ತಕ, ಕೆಲವರಿಗೆ ತಕಿಟ ತಕಿಟ. ಕುಣಿಸಿದ್ದು ಎರಡೇ ನಿಮಿಷ. ಆಮೇಲೆ ಸುಮ್ನೆ ಕೂರಿಸಿ, ಅದೇ ಬಡಿತವನ್ನು ಒತ್ತು ಹಾಕಿ ಎರಡೂ ರೀತಿ ಕೇಳಿಸಿದರು. ತಕ ತಕ ಅಂತ ಕುಣಿದ ಮಗು ತಕ ತಕವನ್ನು ಜಾಸ್ತಿ ಹೊತ್ತು ಕೇಳಿತು, ತಕಿಟಕ್ಕೆ ಕುಣಿದದ್ದು ತಕಿಟವನ್ನು. ಕಿವಿಗೆ ಬಿದ್ದದ್ದು ಎಲ್ಲರಿಗೂ ಒಂದೇ ಸದ್ದು, ಆದರೆ ಮೈ ಹೇಗೆ ತೂಗಿತೋ ಹಾಗೆ ಮಗು ಅದನ್ನು ಕೇಳಿಸಿಕೊಂಡಿತ್ತು. ಬೇರೆಯವರು ಕುಣಿಯುವುದನ್ನು ಬರೀ ನೋಡಿದ ಮಕ್ಕಳಲ್ಲಿ ಇದು ಆಗಲಿಲ್ಲ.

ಅಂದರೆ ಮಗು ಕೇಳುವುದು ಕಿವಿಯಿಂದ ಮಾತ್ರ ಅಲ್ಲ, ಮೈಯಿಂದಲೂ. ಇಲ್ಲಿ ನನಗೆ ನಮ್ಮ ಬೀಸುವ ಕಲ್ಲು ನೆನಪಾಗುತ್ತದೆ. ಬೆಳಗಿನ ಜಾವ ರಾಗಿ ಬೀಸುತ್ತಾ ಹೆಂಗಸರು ತ್ರಿಪದಿ ಹೇಳುತ್ತಿದ್ದರಲ್ಲ, ಎಷ್ಟೋ ಸಲ ಮಗು ತೊಡೆ ಮೇಲೇ ಇರುತ್ತಿತ್ತು. ಕಲ್ಲು ತಿರುಗಿದ ಹಾಗೆ ಅಮ್ಮನ ಮೈ ತೂಗುತ್ತದೆ, ಮೈ ತೂಗಿದ ಹಾಗೆ ಹಾಡು ಸಾಗುತ್ತದೆ, ಮಗುವಿಗೆ ಹಾಡು, ತೂಗು, ಮೈಬಿಸಿ ಮೂರೂ ಒಟ್ಟಿಗೆ ಸಿಗುತ್ತದೆ. ಈಗಲೂ ಬೆಂಗಳೂರಿನಲ್ಲಿ ಮನೆ ಕಟ್ಟುವ ಜಾಗಗಳ ಹತ್ತಿರ ನೋಡಿ. ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಬಂದ ತಾಯಂದಿರು ಎರಡು ಕಂಬದ ನಡುವೆ ಹಳೇ ಸೀರೆಯ ಜೋಳಿಗೆ ಕಟ್ಟಿರುತ್ತಾರೆ. ಅದಕ್ಕೊಂದು ಹಗ್ಗ. ಕೂತು ಉಣ್ಣುತ್ತಾ ಹಗ್ಗ ಎಳೆಯುತ್ತಾರೆ, ಬಾಯಲ್ಲಿ ಜೋಗುಳ. ಹಗ್ಗ ಎಳೆದಾಗ ಒಂದು ಸಾಲು, ಬಿಟ್ಟಾಗ ಒಂದು ಸಾಲು. ಪ್ರಯೋಗಾಲಯದಲ್ಲಿ ಬೇರೆ ಬೇರೆ ಮಾಡಿ ಅಳೆದದ್ದನ್ನು ಇವರು ಒಂದೇ ಕೆಲಸವಾಗಿ ಮಾಡುತ್ತಾರೆ.

ಸರಿ, ಒಟ್ಟಿಗೆ ತೂಗಿದರೆ ಲಯ ಗೊತ್ತಾಗುತ್ತದೆ. ಅದರಿಂದ ನಂಟು ಹೇಗೆ ಬೆಳೆಯುತ್ತದೆ?

ಇದಕ್ಕೆ ಲಾರಾ ಸಿರೆಲ್ಲಿ ಮತ್ತು ಅದೇ ಟ್ರೇನರ್ ತಂಡದವರು 2014ರಲ್ಲಿ ಪ್ರಕಟಿಸಿದ ಕೆಲಸ ನೋಡಬೇಕು. 14 ತಿಂಗಳ ಮಗುವನ್ನು ಒಬ್ಬರು ಎದೆಗೆ ಕಟ್ಟಿಕೊಂಡು ನಿಲ್ಲುತ್ತಾರೆ, ಮಗುವಿನ ಮುಖ ಹೊರಗೆ. ಎದುರಿಗೆ ಮಗುವಿಗೆ ಪರಿಚಯವಿಲ್ಲದ ಒಬ್ಬ ಹೆಂಗಸು. ಹಾಡು ಹಾಕಿ ಇಬ್ಬರೂ ಕುಣಿಯುತ್ತಾರೆ. ಕೆಲವು ಮಕ್ಕಳಿಗೆ ಎದುರಿನವರು ಸರಿಯಾಗಿ ಮಗುವಿನ ತಾಳಕ್ಕೇ ಕುಣಿಯುತ್ತಾರೆ, ಕೆಲವರಿಗೆ ತಾಳ ತಪ್ಪಿಸಿ ಕುಣಿಯುತ್ತಾರೆ. ಇದೂ ಎರಡು ಮೂರು ನಿಮಿಷದ ಆಟ ಅಷ್ಟೇ. ಆಮೇಲೆ ಆ ಹೆಂಗಸು ಬಟ್ಟೆ ಒಣಹಾಕುತ್ತಾ ಬೇಕಂತಲೇ ಕ್ಲಿಪ್ಪು ಬೀಳಿಸಿ, ಎಟುಕದ ಹಾಗೆ ಕೈ ಚಾಚುತ್ತಾಳೆ. ಜೊತೆಗೆ ತಾಳ ಸೇರಿದ್ದ ಮಕ್ಕಳು ತಟ್ಟಾಡುತ್ತಾ ಹೋಗಿ ಕ್ಲಿಪ್ಪು ಎತ್ತಿಕೊಡುವುದು ಜಾಸ್ತಿ. ತಾಳ ತಪ್ಪಿದ ಮಕ್ಕಳು ಕಡಿಮೆ. ಮುಂದಿನ ಪ್ರಯೋಗದಲ್ಲಿ ಇನ್ನೊಂದು ತಿಳಿಯಿತು. ಈ ಒಲವು ಜೊತೆಗೆ ಕುಣಿದವರ ಮೇಲೆ ಮಾತ್ರ, ಪಕ್ಕದಲ್ಲಿ ಸುಮ್ನೆ ಕೂತಿದ್ದ ಬೇರೆಯವರಿಗೆ ಅದು ಹರಡಲಿಲ್ಲ. ಮಗುವಿಗೆ ಖುಷಿಯಾಗಿ ಎಲ್ಲರಿಗೂ ಸಹಾಯ ಮಾಡಿತು ಅನ್ನುವ ಹಾಗಿಲ್ಲ. ಇವರು ನನ್ನವರು ಅಂತ ಮಗು ಗುರುತು ಹಾಕಿಕೊಂಡಿತ್ತು.

ಯಾಕೆ ಹೀಗೆ? ಎಲ್ಲದಕ್ಕೂ ಆಕ್ಸಿಟೋಸಿನ್ ಅಂತ ಒಂದು ಹಾರ್ಮೋನಿನ ಹೆಸರು ಹೇಳಿ ಮುಗಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ನನಗೆ ಅರ್ಥವಾದ ರೀತಿ ಇದು. ಮಗುವಿನ ಪಾಲಿಗೆ ಪ್ರಪಂಚದಲ್ಲಿ ಮುಂದೇನು ಅಂತ ಗೊತ್ತಾಗುವ ಸಂಗತಿಗಳು ತೀರಾ ಕಡಿಮೆ. ಕುಕ್ಕರ್ ಯಾವಾಗ ಕೂಗುತ್ತದೋ, ಯಾರು ಯಾವಾಗ ಎತ್ತಿಕೊಳ್ಳುತ್ತಾರೋ ಅದಕ್ಕೆ ಗೊತ್ತಿಲ್ಲ. ತಾಳ ಇದ್ದರೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಊಹಿಸಬಹುದು. ಊಹಿಸಿದ ಜಾಗದಲ್ಲೇ ಎದುರಿನ ಮನುಷ್ಯನ ಕೈಯೂ ಬಿದ್ದರೆ, ಆ ಮನುಷ್ಯ ಮಗುವಿಗೆ ನಂಬಿಕೆಯವನಾಗುತ್ತಾನೆ. ಅದರ ಜೊತೆಗೆ, ನಾನು ಮಾಡಿದ್ದಕ್ಕೆ ಅವನು ಬದಲಾದ ಅನ್ನುವುದೂ ಅದಕ್ಕೆ ಕಾಣುತ್ತದೆ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ತೋರಿಸಿದ್ದು ಇದರ ಇನ್ನೊಂದು ಮುಖ. ಅಮ್ಮ ಮಗುವಿನ ಜೊತೆ ಚೆನ್ನಾಗಿ ಆಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಂಡು ಸುಮ್ಮನಾಗುತ್ತಾಳೆ. ಮಗು ನಗುತ್ತದೆ, ಕೂಗುತ್ತದೆ, ಅಮ್ಮನನ್ನು ಮತ್ತೆ ಆಟಕ್ಕೆ ಕರೆಯಲು ಏನೇನೋ ಮಾಡುತ್ತದೆ. ಉತ್ತರ ಬರದಿದ್ದಾಗ ಮುಖ ತಿರುಗಿಸಿ ಅಳುತ್ತದೆ. ನೋಡಲು ಕಷ್ಟವಾಗುತ್ತದೆ. ಮೊಬೈಲ್ ನೋಡುತ್ತಾ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಾಗ ನಮ್ಮ ಮುಖ ಹೇಗಿರುತ್ತದೆ ಅಂತ ನಾನು ಒಮ್ಮೆ ಕಿಟಕಿ ಗಾಜಿನಲ್ಲಿ ನೋಡಿಕೊಂಡೆ. ಅವತ್ತಿನಿಂದ ಮನೆಗೆ ಬಂದ ಮೊದಲ ಅರ್ಧ ಗಂಟೆ ಫೋನು ಬ್ಯಾಗಿನಲ್ಲೇ ಇರುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ ಇದೇ. ಫೋನಿನಲ್ಲೇ ಎಷ್ಟೊಂದು ಚೆನ್ನಾದ ಲಾಲಿಗಳಿವೆ, ಹಾಕಿಬಿಟ್ಟರೆ ಸಾಲದಾ?

ಸಮಾಧಾನಕ್ಕೆ ಸಾಲಬಹುದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಆರರಿಂದ ಒಂಬತ್ತು ತಿಂಗಳ ಮಕ್ಕಳಿಗೆ ಗೊತ್ತಿಲ್ಲದ ಭಾಷೆಯ, ಟರ್ಕಿಶ್ ಹಾಡಿನ ರೆಕಾರ್ಡಿಂಗ್ ಕೇಳಿಸಿದಾಗ ಅವು ಅಳು ಶುರುಮಾಡಲು ಸರಾಸರಿ ಸುಮಾರು 9 ನಿಮಿಷ ತೆಗೆದುಕೊಂಡವು. ಮಾತಿನ ರೆಕಾರ್ಡಿಂಗ್ ಆದರೆ ಸುಮಾರು 4 ನಿಮಿಷಕ್ಕೇ ತಾಳ್ಮೆ ಮುಗಿಯಿತು, ಮುದ್ದು ಮಾಡುವ ಧಾಟಿಯಲ್ಲಿ ಮಾತಾಡಿದರೂ ಅಷ್ಟೇ. ಆದ್ದರಿಂದ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡು ಹಿಂದಿನ ಸೀಟಿನಲ್ಲಿ ಮಗು ಕಿರುಚುತ್ತಿದ್ದರೆ ಹಾಡು ಹಾಕಿ, ತಪ್ಪೇನಿಲ್ಲ.

ಆದರೆ ಸಮಾಧಾನ ಬೇರೆ, ನಂಟು ಬೇರೆ. ಹಾರ್ವರ್ಡ್‌ನ ಸ್ಯಾಮ್ಯುಯೆಲ್ ಮೆಹರ್, ಎಲಿಜಬೆತ್ ಸ್ಪೆಲ್ಕಿ ಮತ್ತವರ ಜೊತೆಗಾರರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ತಿಂಗಳ ಮಕ್ಕಳ ಅಪ್ಪ ಅಮ್ಮನಿಗೆ ಒಂದು ಹೊಸ ಹಾಡು ಕಲಿಸಿ ಮನೆಯಲ್ಲಿ ಒಂದೆರಡು ವಾರ ಹಾಡಲು ಹೇಳಿದರು. ಕೆಲವು ಮನೆಗಳಲ್ಲಿ ಅದೇ ಧಾಟಿಯನ್ನು ಅಪ್ಪ ಅಮ್ಮ ಹಾಡಲಿಲ್ಲ, ಒಂದು ಆಟಿಕೆ ಹಾಡಿತು. ಆಮೇಲೆ ಮಗುವಿಗೆ ಇಬ್ಬರು ಅಪರಿಚಿತರನ್ನು ವಿಡಿಯೋದಲ್ಲಿ ತೋರಿಸಿದರು. ಒಬ್ಬರು ಮನೆಯ ಹಾಡು ಹಾಡುತ್ತಾರೆ, ಇನ್ನೊಬ್ಬರು ಬೇರೆ ಹಾಡು. ಅಪ್ಪ ಅಮ್ಮನ ಬಾಯಲ್ಲಿ ಕೇಳಿದ್ದ ಮಕ್ಕಳು ತಮ್ಮ ಮನೆಯ ಹಾಡು ಹಾಡಿದವರನ್ನು ಜಾಸ್ತಿ ಹೊತ್ತು ನೋಡಿದರು. ಆಟಿಕೆಯಿಂದ ಕೇಳಿದ್ದ ಮಕ್ಕಳಿಗೆ ಇಬ್ಬರೂ ಒಂದೇ. ಧಾಟಿ ಎರಡು ಕಡೆಯೂ ಅದೇ. ಅಪ್ಪ ಅಮ್ಮನ ಬಾಯಿಂದ ಬಂದಾಗ ಮಾತ್ರ ಅದು ನಮ್ಮವರ ಹಾಡಾಯಿತು.

ಇದಾದ ಮೇಲೂ ಸ್ನೇಹಿತರು ಹೇಳುವುದು ಒಂದೇ ಮಾತು, ನನಗೆ ಹಾಡು ಬರಲ್ಲ. ನಿಜವಾಗಿ ಸ್ವರ ವ್ಯತ್ಯಾಸ ಗೊತ್ತಾಗದ ಹುಟ್ಟು ತೊಂದರೆ ಇರುವವರು ನೂರಕ್ಕೆ ಒಬ್ಬರೋ ಇಬ್ಬರೋ. ಉಳಿದವರಿಗೆ ಇರುವುದು ಸಂಕೋಚ. ಶಾಲೆಯಲ್ಲಿ ಯಾರೋ ನಕ್ಕಿದ್ದು, ಸ್ಪರ್ಧೆಯಲ್ಲಿ ಮಧ್ಯದಲ್ಲೇ ನಿಲ್ಲಿಸಿದ್ದು ಮನಸ್ಸಿನಲ್ಲಿ ಉಳಿದಿರುತ್ತದೆ. ಮಗುವಿನ ಮುಂದೆ ಹಾಡುವಾಗ ನಮಗೆ ಗೊತ್ತಿಲ್ಲದ ಹಾಗೆ ನಾವು ಬೇರೆಯೇ ಆಗಿ ಹಾಡುತ್ತೇವೆ. ಧ್ವನಿ ಮೇಲೇರುತ್ತದೆ, ವೇಗ ಇಳಿಯುತ್ತದೆ, ಮುಖದಲ್ಲಿ ನಗು ಬರುತ್ತದೆ. ಟೊರಾಂಟೊದ ಸಾಂಡ್ರಾ ಟ್ರೆಹಬ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. ಅವರ ತಂಡ ಕಂಡುಕೊಂಡ ಒಂದು ಸಂಗತಿ ನನಗೆ ಅಚ್ಚರಿ ಅನ್ನಿಸಿತು. ಒಂದು ವಾರ ಬಿಟ್ಟು ಅದೇ ಹಾಡನ್ನು ಮಗುವಿಗೆ ಹಾಡಿದಾಗ ತಾಯಂದಿರು ಹೆಚ್ಚು ಕಡಿಮೆ ಅದೇ ಶ್ರುತಿಯಲ್ಲಿ, ಅದೇ ವೇಗದಲ್ಲಿ ಹಾಡುತ್ತಿದ್ದರು. ತಂಬೂರಿ ಇಲ್ಲ, ಏನೂ ಇಲ್ಲ. ಮಗುವಿಗೆ ನಿಮ್ಮ ಹಾಡು ನಿಮ್ಮ ಮೈವಾಸನೆಯ ಹಾಗೆ ಗುರುತಾಗುವುದು ಹೀಗೆ. ಅಪಶ್ರುತಿ ಇದ್ದರೆ ಇರಲಿ, ದಿನವೂ ಅದೇ ಅಪಶ್ರುತಿ ಇರಲಿ.

ಇನ್ನು ಮನೆಯಲ್ಲಿ ಹೇಗೆ ಮಾಡುವುದು? ಇದಕ್ಕೆ ಬೇರೆ ಸಮಯ ಬೇಕಿಲ್ಲ, ಇರುವ ಕೆಲಸದಲ್ಲೇ ಜಾಗ ಇದೆ. ನಮ್ಮತ್ತೆ ಮೊಮ್ಮಗಳಿಗೆ ಎಣ್ಣೆನೀರು ಹಾಕುವಾಗ ಕಾಲು ಚಾಚಿ, ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕುವ ಒಂದೊಂದು ಎಳೆತಕ್ಕೂ ಒಂದೊಂದು ಮಾತು ಹೇಳುತ್ತಿದ್ದರು. ಕೈಗೊಂದು ಸಾಲು, ಕಾಲಿಗೊಂದು ಸಾಲು, ಬೆನ್ನಿಗೆ ಬಂದಾಗ ಧಾಟಿ ಬದಲು. ಕಡೆಯ ಚೊಂಬಿನ ನೀರು ಸುರಿಯುವ ಮುಂಚೆ ಒಂದು ಕ್ಷಣ ನಿಲ್ಲಿಸುತ್ತಿದ್ದರು. ಮಗು ಉಸಿರು ಹಿಡಿದು ಕಣ್ಣರಳಿಸಿ ಕಾಯುತ್ತಿತ್ತು. ನೀರು ಬಿದ್ದ ತಕ್ಷಣ ಇಬ್ಬರೂ ಒಟ್ಟಿಗೆ ಹೋ ಅಂತ ಕೂಗುತ್ತಿದ್ದರು. ನಾನು ಬಾಗಿಲಲ್ಲಿ ಟವೆಲ್ ಹಿಡಿದು ನಿಂತು ಇದನ್ನು ಎಷ್ಟೋ ಭಾನುವಾರ ನೋಡಿದ್ದೇನೆ. ಆ ನಿಲ್ಲಿಸುವುದಿದೆಯಲ್ಲ, ಅದೇ ಇಡೀ ಆಟದ ಜೀವ ಅಂತ ಆಮೇಲೆ ಗೊತ್ತಾಯಿತು.

ಅದಕ್ಕೇ ಹೇಳುತ್ತೇನೆ, ಹಾಡಿನಲ್ಲಿ ಕೊನೆಯ ಪದ ಬಿಡಿ. ಹಾಡುತ್ತಾ ಬಂದು ನಿಲ್ಲಿಸಿ, ಮಗುವಿನ ಮುಖ ನೋಡಿ. ಐದಾರು ತಿಂಗಳ ಮಗು ಕಾಲು ಒದೆಯುತ್ತದೆ, ವರ್ಷದ ಮಗು ಒಂದು ಸದ್ದು ಮಾಡುತ್ತದೆ, ಎರಡು ವರ್ಷದ್ದು ಆ ಪದವನ್ನೇ ಹೇಳುತ್ತದೆ. ಯಾವುದೇ ಆದರೂ ಅದು ಉತ್ತರ. ಅವಸರ ಮಾಡಬೇಡಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ದೊಡ್ಡವರಿಗೆ ಆ ಐದು ಎಣಿಕೆ ಬಹಳ ಉದ್ದ ಅನ್ನಿಸುತ್ತದೆ. ಮಗುವಿಗೆ ತನ್ನ ಬಾಯಿ, ಕೈ, ಕಾಲು ಕೂಡಿಸಿಕೊಂಡು ಉತ್ತರ ಕೊಡಲು ಅಷ್ಟು ಬೇಕು.

ವೇಗದ ಬಗ್ಗೆಯೂ ಒಂದು ಮಾತು. ಚಿಕ್ಕ ಮಕ್ಕಳ ಸಹಜ ಬಡಿತ ನಮ್ಮದಕ್ಕಿಂತ ಬೇಗ. ಡಬ್ಬಿ ಕೊಟ್ಟು ನೋಡಿ, ಚಟಪಟ ಅಂತ ಬಡಿಯುತ್ತವೆ. ನಾವು ಮಾಡುವ ತಪ್ಪು ಅಂದರೆ, ಹಾಗಲ್ಲ ಪುಟ್ಟ, ಹೀಗೆ, ಅಂತ ನಮ್ಮ ವೇಗಕ್ಕೆ ಎಳೆಯುವುದು. ಮೊದಲು ನೀವು ಅವರ ವೇಗಕ್ಕೆ ಹೋಗಿ. ಅವರು ತಟ್ಟಿದ ಹಾಗೇ ತಟ್ಟಿ. ಸ್ವಲ್ಪ ಹೊತ್ತಿಗೆ ಅವರಿಗೆ ಗೊತ್ತಾಗುತ್ತದೆ ಇವರು ನನ್ನನ್ನು ನೋಡಿ ತಟ್ಟುತ್ತಿದ್ದಾರೆ ಅಂತ, ಆಗ ಬೇಕಂತಲೇ ನಿಲ್ಲಿಸಿ ನಿಮ್ಮನ್ನು ಪರೀಕ್ಷೆ ಮಾಡುತ್ತಾರೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಾಸೆಲೊ 2009ರಲ್ಲಿ ತೋರಿಸಿದ ಹಾಗೆ, ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳು ಯಂತ್ರದ ಜೊತೆಗಿಂತ, ಸ್ಪೀಕರಿನ ಜೊತೆಗಿಂತ, ಎದುರಿಗೆ ಕೂತು ಬಾರಿಸುವ ಮನುಷ್ಯನ ಜೊತೆ ಚೆನ್ನಾಗಿ ತಾಳ ಸೇರಿಸುತ್ತಾರೆ. ಮರುವರ್ಷ ಅವರೇ ನಾಲ್ಕು ವರ್ಷದ ಮಕ್ಕಳನ್ನು ಜೋಡಿ ಜೋಡಿಯಾಗಿ ಆಡಿಸಿದರು. ಒಟ್ಟಿಗೆ ಹಾಡಿ ಬಾರಿಸಿದ ಜೋಡಿಗಳು ಆಮೇಲೆ ಒಬ್ಬರಿಗೊಬ್ಬರು ಜಾಸ್ತಿ ನೆರವಾದವು. ಅಣ್ಣ ತಂಗಿ ಜಗಳ ಜಾಸ್ತಿ ಇರುವ ಮನೆಯವರು ಇದನ್ನೊಮ್ಮೆ ಮಾಡಿ ನೋಡಬಹುದು. ಇಬ್ಬರಿಗೂ ಒಂದೊಂದು ಡಬ್ಬಿ ಕೊಡಿ, ಒಂದೇ ಕೊಡಬೇಡಿ.

ಮಗು ಮುಖ ಆ ಕಡೆ ತಿರುಗಿಸಿದರೆ, ಕಣ್ಣು ಉಜ್ಜಿಕೊಂಡರೆ, ಸಾಕು ಅಂತ ಅರ್ಥ. ನಿಲ್ಲಿಸಿ. ಅದು ಮತ್ತೆ ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ. ನಗಿಸಲೇಬೇಕು ಅಂತ ಮೇಲೆ ಮೇಲೆ ಹಾಡಿದರೆ, ನೀವು ಅದರ ಮಾತು ಕೇಳಿಸಿಕೊಳ್ಳಲಿಲ್ಲ ಅಂತಾಗುತ್ತದೆ.

ಕೊಳ್ಳುವುದೇ ಆದರೆ ದುಬಾರಿ ಬ್ಯಾಟರಿ ಆಟಿಕೆ ಬೇಡ ಅಂತ ನನ್ನ ಅಭಿಪ್ರಾಯ. ಗುಂಡಿ ಒತ್ತಿದರೆ ಪೂರ್ತಿ ಹಾಡು ತಾನೇ ಹಾಡುವ ಆಟಿಕೆ ಮಗುವಿಗಾಗಿ ಕಾಯುವುದಿಲ್ಲ. ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಅಲ್ಲಿನ ಅರಗಿನ ಬಣ್ಣದ ಮರದ ಗಿಲಕಿ ಅಲ್ಲಾಡಿಸಿದರೆ ಸದ್ದು, ಬಿಟ್ಟರೆ ಇಲ್ಲ. ಮಗುವಿನ ಕೈಗೂ ಕಿವಿಗೂ ಅಲ್ಲಿ ನೇರ ಸಂಬಂಧ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸಿಗುವ ಪುಟಾಣಿ ಡೋಲೂ ಒಳ್ಳೆಯದೇ, ಪೀಪಿ ಮಾತ್ರ ಕಿವಿಯ ಹತ್ತಿರ ಬೇಡ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂನ ಹೊರಗಡೆ ಸೌಂಡ್ ಗಾರ್ಡನ್ ಇದೆ. ಮುಟ್ಟಬೇಡ ಅಂತ ಹೇಳದೆ ಮಕ್ಕಳನ್ನು ಬಿಡಬಹುದಾದ ಜಾಗ, ಬಡಿದು ಸದ್ದು ಮಾಡುವುದೇ ಅಲ್ಲಿನ ಕೆಲಸ. ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಸಂಗೀತ ಕಛೇರಿಗೂ ಮಗಳನ್ನು ಕರೆದುಕೊಂಡು ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಒಬ್ಬರು ಹಿರಿಯರು ತೊಡೆ ಮೇಲೆ ಆದಿತಾಳ ಹಾಕುತ್ತಿದ್ದರು. ಒಂದು ಪೆಟ್ಟು, ಮೂರು ಬೆರಳು, ಪೆಟ್ಟು, ಬೀಸು, ಪೆಟ್ಟು, ಬೀಸು. ಇವಳು ನೋಡಿ ನೋಡಿ, ಎದ್ದು ಹೋಗಿ, ತನ್ನ ಕೈಯನ್ನು ಅವರ ಮೊಣಕಾಲ ಮೇಲೆ ಇಟ್ಟಳು. ಅವರು ಇವಳ ಬೆರಳು ಹಿಡಿದು ಒಂದು ಆವರ್ತ ಹಾಕಿಸಿದರು. ಬೀಸು ಬಂದಾಗಲೆಲ್ಲ ಅಂಗೈ ಮೇಲಾಗುವುದು ಅವಳಿಗೆ ಭಾರಿ ಮೋಜು. ವರ್ಷವಾದರೂ ಅವಳು ಆ ತಾತನನ್ನು ಕೇಳುತ್ತಾಳೆ.

ಹಾಡುವುದರಿಂದ ಮಗುವಿಗೆ ಮಾತ್ರ ಅಲ್ಲ, ಹಾಡಿದವರಿಗೂ ಏನೋ ಆಗುತ್ತದೆ. ಈ ಭಾಗದ ಬಗ್ಗೆ ನಾವು ಮಾತಾಡುವುದು ಕಡಿಮೆ. ಅವಧಿಗೆ ಮುಂಚೆ ಹುಟ್ಟಿದ 272 ಕೂಸುಗಳ ಮೇಲೆ ಅಮೆರಿಕದ 11 ಆಸ್ಪತ್ರೆಗಳಲ್ಲಿ ಜೋಆನ್ ಲೋವಿ ಮತ್ತವರ ತಂಡ ಒಂದು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಅಪ್ಪ ಅಮ್ಮ ಆರಿಸಿಕೊಂಡ ಹಾಡನ್ನೇ ಲಾಲಿಯ ಹಾಗೆ ಎದುರಿಗೇ ಹಾಡಿದರು. ಕೂಸುಗಳ ಎದೆಬಡಿತ ನಿಧಾನವಾಯಿತು, ಅಪ್ಪ ಅಮ್ಮನ ಆತಂಕವೂ ಇಳಿಯಿತು. ಇಂಗ್ಲೆಂಡಿನ ಡೇಸಿ ಫ್ಯಾನ್‌ಕೋರ್ಟ್ ಮತ್ತು ರೋಸಿ ಪರ್ಕಿನ್ಸ್ 134 ಬಾಣಂತಿಯರ ಜೊತೆ 10 ವಾರ ನಡೆಸಿದ ಅಧ್ಯಯನ 2018ರಲ್ಲಿ ಬಂತು. ಖಿನ್ನತೆ ಸ್ವಲ್ಪ ಜಾಸ್ತಿಯೇ ಇದ್ದ ತಾಯಂದಿರಲ್ಲಿ, ಮಗುವಿನ ಜೊತೆ ಹಾಡಿನ ಗುಂಪಿಗೆ ಬಂದವರು ಮಾಮೂಲಿ ಆರೈಕೆ ಮಾತ್ರ ಇದ್ದವರಿಗಿಂತ ಬೇಗ ಚೇತರಿಸಿಕೊಂಡರು. ಆದರೆ ಬಾಣಂತನದಲ್ಲಿ ಮನಸ್ಸು ತೀರಾ ಕುಗ್ಗಿದ್ದರೆ ಹಾಡು ಸಾಕು ಅಂತ ದಯವಿಟ್ಟು ಯಾರೂ ಕೂರಬೇಡಿ. ಮಗು ಬಂದ ಖುಷಿಯಲ್ಲಿ ಎಲ್ಲಾ ಸರಿಹೋಗುತ್ತದೆ ಅನ್ನುವ ಮಾತನ್ನೂ ನಂಬಬೇಡಿ. ನಮ್ಮ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಇದು ದೊಡ್ಡವರಾಗುವ ತನಕ ಉಳಿಯುತ್ತದಾ? ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಹಾಡು, ಕುಣಿತ, ಕಛೇರಿ ಅಂತ ಇದ್ದ ಯುವಜನ ಈಗ ಅವರ ಜೊತೆ ಸಂಬಂಧ ಚೆನ್ನಾಗಿದೆ ಅಂತ ಹೇಳಿದ್ದು ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿದಾಗ, ಎರಡು ಮೂರು ವರ್ಷದಲ್ಲಿ ಮನೆಯಲ್ಲಿ ಒಟ್ಟಿಗೆ ಸಂಗೀತ ಇದ್ದ ಮಕ್ಕಳು ನಾಲ್ಕೈದು ವರ್ಷಕ್ಕೆ ಬೇರೆಯವರ ಜೊತೆ ಹೊಂದಿಕೊಳ್ಳುವುದರಲ್ಲಿ, ಪದಗಳಲ್ಲಿ, ಗಮನ ಕೊಡುವುದರಲ್ಲಿ ಸ್ವಲ್ಪ ಮುಂದಿದ್ದರು. ಸ್ವಲ್ಪ ಅನ್ನುವ ಮಾತನ್ನು ಮರೆಯಬೇಡಿ. ಜೊತೆಗೆ, ಮಕ್ಕಳ ಜೊತೆ ಹಾಡುವ ಮನೆಯಲ್ಲಿ ಕಥೆ ಹೇಳುವುದು, ಆಡಿಸುವುದು ಕೂಡ ಜಾಸ್ತಿಯೇ ಇರುತ್ತದೆ, ಎಲ್ಲವನ್ನೂ ಹಾಡಿನ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಮಗುವನ್ನು ಬುದ್ಧಿವಂತ ಮಾಡುತ್ತೇವೆ ಅಂತ ಜಾಹೀರಾತು ಹಾಕುವ ಕ್ಲಾಸುಗಳಿಗೆ ದುಡ್ಡು ಸುರಿಯುವ ಮುಂಚೆ ಇದನ್ನು ನೆನಪಿಡಿ.

ಆರು ತಿಂಗಳು ದಾಟಿದರೂ ಮಗು ಸದ್ದಿನ ಕಡೆ ತಿರುಗುತ್ತಿಲ್ಲ ಅಂದರೆ ಕಿವಿ ಪರೀಕ್ಷೆ ಮಾಡಿಸಲು ತಡ ಮಾಡಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇರುವುದು. ಕೇಳಿಸದ ಮಗುವಿಗೂ ತಾಳ ಇದೆ, ಎದೆಗೆ ಒರಗಿಸಿಕೊಂಡು ಹಾಡಿದರೆ ಆ ಅದುರು ಅದಕ್ಕೆ ತಟ್ಟುತ್ತದೆ, ಕೈಸನ್ನೆಯನ್ನೂ ಲಯದಲ್ಲಿ ಮಾಡಬಹುದು.

ಕೊನೆಯದಾಗಿ ಊರಿನಲ್ಲಿರುವ ಅಜ್ಜಿ ತಾತಂದಿರ ವಿಷಯ. ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಅವರು ಸಿಗುವುದು ವಿಡಿಯೋ ಕಾಲಿನಲ್ಲಿ. ನನ್ನಮ್ಮ ಹಾಸನದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಮೊದಮೊದಲು ಅವರು ಅಲ್ಲಿಂದ ಹಾಡುವಾಗ ಇವಳು ಇಲ್ಲಿ ಚಪ್ಪಾಳೆ ತಟ್ಟಿದರೆ ಸೇರುತ್ತಲೇ ಇರಲಿಲ್ಲ. ನೆಟ್‌ವರ್ಕಿನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದಲ್ಲ, ಅಷ್ಟೇ ಸಾಕು ತಾಳ ಕೆಡಲು. ಮಗಳು ಎದ್ದು ಹೋಗಿಬಿಡುತ್ತಿದ್ದಳು, ಅಮ್ಮನಿಗೆ ಬೇಸರ. ಆಮೇಲೆ ನಮಗೆ ಹೊಳೆಯಿತು, ಒಟ್ಟಿಗೆ ಹಾಡಲು ಆಗದಿದ್ದರೆ ಸರದಿಯಲ್ಲಿ ಹಾಡಬಹುದು. ಈಗ ಭಾನುವಾರ ಬೆಳಿಗ್ಗೆ ಅಮ್ಮ ಒಂದು ಸಾಲು ಹೇಳಿ ನಿಲ್ಲಿಸುತ್ತಾರೆ. ಇವಳು ಅವಲಕ್ಕಿ ಡಬ್ಬಿ ಮುಚ್ಚಳಕ್ಕೆ ಮೂರು ಪೆಟ್ಟು ಕೊಟ್ಟು ಮುಂದಿನ ಸಾಲು ಹೇಳುತ್ತಾಳೆ. ಆ ಸಾಲು ಹಳ್ಳಿ ತಲುಪಿ ಅಮ್ಮನ ಮುಖದಲ್ಲಿ ನಗು ಬರುವವರೆಗೆ ಮುಚ್ಚಳದ ಮೇಲೆ ಕೈ ಎತ್ತಿ ಹಿಡಿದು, ಪರದೆ ನೋಡುತ್ತಾ ಕಾಯುತ್ತಾಳೆ.